ಕಾಡಿನಲ್ಲಿ ಇನ್ನೂ ಯಾರಿದ್ದಾರೆ?

ಸ್ಟಾಕ್‌ಹೋಮಿನ ವಾಯವ್ಯಕ್ಕಿರುವ ಕಿಸ್ತಾದಲ್ಲಿ ಕನ್ನಡ ಕಿವಿಗೆ ಬೀಳುವುದು ಅಪರೂಪವೇನಲ್ಲ. ಟೆಲಿಕಾಂ, ಸಾಫ್ಟ್‌ವೇರ್ ಕಂಪನಿಗಳ ಜಾಗ ಅದು. ನಮ್ಮ ಕಡೆಯವರು ಬೇಕಾದಷ್ಟು ಜನ ಇದ್ದಾರೆ. ಆ ಕಚೇರಿಗಳ ಬೆನ್ನಿಗೇ ಯೆರ್ವಾ ಬಯಲು ಶುರುವಾಗುತ್ತದೆ. ಹಿಂದೆ ಸೈನ್ಯದ ತಾಲೀಮಿಗೆ ಮೀಸಲಾಗಿದ್ದ ನೆಲ, ಈಗ ಹೊಲ, ಕೆರೆ, ಪೈನ್ ಮತ್ತು ಸ್ಪ್ರೂಸ್ ಮರಗಳ ಕಾಡು. ಬಂದ ಹೊಸತರಲ್ಲಿ ನಾವು ಅದರ ಅಂಚಿನ ಟಾರು ದಾರಿಯಲ್ಲಿ ಅಡ್ಡಾಡಿ ಮನೆಗೆ ವಾಪಸಾಗುತ್ತಿದ್ದೆವು, ಅಷ್ಟೆ. ಸಾಗರ ತಾಲ್ಲೂಕಿನ ಅಡಿಕೆ ತೋಟದ ಮನೆಯಲ್ಲಿ ಬೆಳೆದ ನನಗೆ ಕಾಡು ಹೊಸದಲ್ಲ. ಆದರೆ ಪರದೇಶದ ಕಾಡಿನೊಳಗೆ ಕಾಲಿಡಲು ಯಾರನ್ನು ಕೇಳಬೇಕು, ಯಾರ ಬೇಲಿ ಎಲ್ಲಿದೆ ಎಂಬುದು ತಿಳಿಯದೆ ಹೆಜ್ಜೆ ಮುಂದೆ ಹೋಗುತ್ತಿರಲಿಲ್ಲ.

ನಮ್ಮನ್ನು ಒಳಗೆ ಕರೆದೊಯ್ದದ್ದು ಗ್ರಂಥಾಲಯದಲ್ಲಿ ಸಿಕ್ಕ ಒಂದು ಮಡಿಚಿದ ನಕ್ಷೆ. ಓರಿಯಂಟಿಯರಿಂಗ್ ಎಂದರೆ ನಕ್ಷೆ, ದಿಕ್ಸೂಚಿ ಹಿಡಿದು ಕಾಡಿನಲ್ಲಿ ಗುರುತುಗಳನ್ನು ಹುಡುಕುತ್ತ ಓಡುವ ಆಟ. ‘ಹಿತ್ತಾ ಊತ್’ ಎಂಬ ಹೆಸರಿನಲ್ಲಿ ಅದರ ಕ್ಲಬ್‌ಗಳು ಊರೂರಿನಲ್ಲಿ ಪುಕ್ಕಟೆ ಹಂಚುವ ನಕ್ಷೆ ಅದು. ಬಡಾವಣೆಗಳಲ್ಲೂ ಕಾಡಿನಲ್ಲೂ ಗುರುತಿನ ಕಂಬಗಳನ್ನು ನೆಟ್ಟಿರುತ್ತಾರೆ. ಹುಡುಕಿ, ಮೇಲಿರುವ ಅಕ್ಷರಗಳನ್ನು ಬರೆದುಕೊಂಡರಾಯಿತು. ಆಗ ಎಂಟು ವರ್ಷದವನಾಗಿದ್ದ ಮಗನಿಗೆ ಅದರ ಹುಚ್ಚು ಹಿಡಿಯಿತು. ಬೀದಿಯ ಕಂಬಗಳು ಮುಗಿದ ಮೇಲೆ ಕಾಡಿನ ಕಂಬಗಳು ಮಾತ್ರ ಉಳಿದವು. ಹೀಗೆ ಒಂದು ಏಪ್ರಿಲ್ ಬುಧವಾರದ ಸಂಜೆ, ನಕ್ಷೆಯ ಹಿಂಬದಿಯಲ್ಲಿ ಅಚ್ಚಾಗಿದ್ದ ಕ್ಲಬ್ಬಿನ ಮನೆಯ ಮುಂದೆ ಹೋಗಿ ನಿಂತೆವು. ‘ಹೊಸಬರಾ? ಬನ್ನಿ, ಶೂ ಒದ್ದೆಯಾದರೆ ಪರವಾಗಿಲ್ಲ ತಾನೆ?’ ಎಂದು ಕೇಳಿದವರು ಎಪ್ಪತ್ತರ ಆಸುಪಾಸಿನ ಹೆಂಗಸು. ಮಕ್ಕಳ ಗುಂಪಿನ ಹೊಣೆ ಅವರದು.

ಆಟವನ್ನು ವಿವರಿಸುವುದು ಸುಲಭ. ಕೈಯಲ್ಲಿ ಒಂದು ನಕ್ಷೆ, ಒಂದು ದಿಕ್ಸೂಚಿ. ನಕ್ಷೆಯ ಮೇಲೆ ನೇರಳೆ ಬಣ್ಣದ ತ್ರಿಕೋನ ಹೊರಡುವ ಜಾಗ, ನಂಬರು ಹಾಕಿದ ವೃತ್ತಗಳು ಕಂಟ್ರೋಲ್‌ಗಳು, ಜೋಡಿ ವೃತ್ತ ಮುಕ್ತಾಯ. ವೃತ್ತದ ನಟ್ಟನಡುವೆ ಏನಿದೆಯೋ, ಬಂಡೆಯೋ, ಕಾಲುವೆಯ ತಿರುವೋ, ಗುಡ್ಡದ ತುದಿಯೋ, ಅಲ್ಲಿ ಕಿತ್ತಳೆ-ಬಿಳಿ ಬಣ್ಣದ ಮೂರು ಮುಖದ ಬಟ್ಟೆಯೊಂದು ತೂಗುತ್ತಿರುತ್ತದೆ. ಒಂದೊಂದು ಮುಖವೂ 30 ಸೆಂಟಿಮೀಟರ್ ಚೌಕ. ನಂಬರಿನ ಕ್ರಮದಲ್ಲಿ ಎಲ್ಲವನ್ನೂ ಮುಟ್ಟಿ ಬರಬೇಕು. ನಡುವಿನ ದಾರಿ ಯಾವುದೆಂದು ಯಾರೂ ಹೇಳುವುದಿಲ್ಲ. ಸ್ಕ್ಯಾಂಡಿನೇವಿಯಾದ ಸೈನಿಕರ ಅಭ್ಯಾಸದಿಂದ ಹುಟ್ಟಿದ ಆಟವಿದು. ಎರ್ನ್‌ಸ್ಟ್ ಕಿಲ್ಲಾಂಡರ್ ಎಂಬ ಸ್ವೀಡಿಷ್ ಮೇಜರ್ 1919ರ ಮಾರ್ಚ್‌ನಲ್ಲಿ ಸ್ಟಾಕ್‌ಹೋಮ್ ಪಕ್ಕದ ನಾಕಾ ಕಾಡಿನಲ್ಲಿ ಇನ್ನೂರಕ್ಕೂ ಹೆಚ್ಚು ಜನರನ್ನು ಕೂಡಿಸಿ ಸ್ಪರ್ಧೆ ನಡೆಸಿದ ಮೇಲೆ ಅದು ಜನರ ಆಟವಾಯಿತು. ಮೈದಾನದ ಓಟದಲ್ಲಿ ಯುವಕರ ಆಸಕ್ತಿ ಕುಗ್ಗುತ್ತಿರುವುದನ್ನು ಕಂಡು ಅವರನ್ನು ಕಾಡಿಗಿಳಿಸಿದ ಮನುಷ್ಯ ಅವನು. ಅದೇ ನಾಕಾದಲ್ಲಿ ಇಂದಿಗೂ ಓಡುತ್ತಾರೆ.

ನಕ್ಷೆ ಓದುವುದನ್ನು ಕಲಿಯಲು ಮಾತ್ರ ಸಮಯ ಹಿಡಿಯಿತು. ಮಾಪಕ 1:10,000, ನಕ್ಷೆಯ ಒಂದು ಸೆಂಟಿಮೀಟರ್ ನೆಲದ ಮೇಲೆ ನೂರು ಮೀಟರ್. ನಮ್ಮ ಶಾಲೆಯ ಭೂಪಟಗಳಲ್ಲಿ ಕಾಡೆಂದರೆ ಹಸಿರು. ಇಲ್ಲಿ ಸಲೀಸಾಗಿ ಓಡಬಹುದಾದ ಕಾಡಿಗೆ ಬಿಳಿ ಬಣ್ಣ. ಹಸಿರು ಬಂತೆಂದರೆ ಗಿಡಗಳ ಒತ್ತು ಹೆಚ್ಚಿದೆ, ವೇಗ ತಗ್ಗುತ್ತದೆ ಎಂದರ್ಥ. ಹಸಿರು ಗಾಢವಾದಷ್ಟೂ ನುಗ್ಗುವುದು ಕಷ್ಟ. ಹಳದಿ ತೆರೆದ ನೆಲ, ನೀಲಿ ನೀರು, ಕಪ್ಪು ಬಂಡೆ ಮತ್ತು ದಾರಿಗಳು. ಕಂದು ಬಣ್ಣ ನೆಲದ ಏರಿಳಿತ, ಐದು ಮೀಟರ್ ಎತ್ತರಕ್ಕೊಂದು ಕಾಂಟೂರ್ ಗೆರೆ, ಅಂದರೆ ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಗೆರೆ. ಹೊಸಬರೆಲ್ಲ ಕಪ್ಪು ಗೆರೆಗೆ, ಅಂದರೆ ಕಾಲುದಾರಿಗೆ, ಅಂಟಿಕೊಳ್ಳುತ್ತಾರೆ. ಕಂದು ಗೆರೆ ನೋಡುವುದನ್ನು ಕಲಿತ ಮೇಲೆಯೇ ಕಾಡು ತೆರೆದುಕೊಳ್ಳುವುದು. ‘ದಾರಿ ಮುಚ್ಚಿ ಹೋಗಬಹುದು, ಮರ ಕಡಿದಿರಬಹುದು, ಗುಡ್ಡ ಎಲ್ಲಿಗೂ ಹೋಗುವುದಿಲ್ಲ’ ಎಂದು ನಮ್ಮ ಗುರುಗಳು ಪ್ರತಿ ಹೊಸ ಗುಂಪಿಗೂ ಹೇಳುತ್ತಾರೆ. ನಕ್ಷೆಯ ಉತ್ತರ ದಿಕ್ಕನ್ನು ನೆಲದ ಉತ್ತರ ದಿಕ್ಕಿಗೆ ಹೊಂದಿಸಿ ಹಿಡಿಯುವುದು, ತಾವಿರುವ ಜಾಗದ ಮೇಲೆ ಹೆಬ್ಬೆರಳು ಊರಿ ನಡೆದಂತೆ ಸರಿಸುತ್ತ ಹೋಗುವುದು, ನೂರು ಮೀಟರಿಗೆ ತಮ್ಮ ಹೆಜ್ಜೆ ಎಷ್ಟೆಂದು ಹೊಲದಂಚಿನಲ್ಲಿ ಅಳೆದು ನೆನಪಿಟ್ಟುಕೊಳ್ಳುವುದು: ದೊಡ್ಡವರಿಗೂ ಮಕ್ಕಳಿಗೂ ಮೊದಲ ಪಾಠ ಒಂದೇ.

ಮಕ್ಕಳ ಹಾದಿಗಳಿಗೆ ಬಣ್ಣದ ದರ್ಜೆಗಳಿವೆ. ಹಸಿರು ಎಲ್ಲಕ್ಕಿಂತ ಸುಲಭ. ಕಾಲುದಾರಿಯಲ್ಲೇ ಹೋಗಿ, ತಿರುವು ಬಂದಲ್ಲೆಲ್ಲ ಒಂದು ಕಂಟ್ರೋಲ್ ಸಿಗುತ್ತದೆ. ಆಮೇಲೆ ಬಿಳಿ, ಹಳದಿ, ಕಿತ್ತಳೆ ಎಂದು ಏರುತ್ತ ಕಪ್ಪಿಗೆ ಮುಟ್ಟಬೇಕು. ಎಳೆಯ ಮಕ್ಕಳ ಹಿಂದೆ ದೊಡ್ಡವರೊಬ್ಬರು ನೆರಳಿನ ಹಾಗೆ ಹೋಗುವ ಪದ್ಧತಿಯಿದೆ. ಇದಕ್ಕೆ ಕಟ್ಟುನಿಟ್ಟಿನ ನಿಯಮವೂ ಇದೆ: ಮಗು ಕೇಳಿದರೆ ಮಾತ್ರ ಬಾಯಿ ತೆರೆಯಬೇಕು, ತೆರೆದರೂ ಉತ್ತರ ಹೇಳಬಾರದು, ಪ್ರಶ್ನೆ ಕೇಳಬೇಕು.

ಮಗ ಹಳದಿ ದರ್ಜೆಗೆ ಏರಿದ ಹೊತ್ತಿಗೆ ಒಂದು ಕವಲಿನಲ್ಲಿ ನಿಂತುಬಿಟ್ಟ. ಎಡಕ್ಕೆ ಅಗಲವಾದ ದಾರಿ, ಬಲಕ್ಕೆ ಹಾವಸೆ ಮುಚ್ಚಿದ ಸಣ್ಣ ಜಾಡು. ಅವನು ಹೋಗಬೇಕಾದದ್ದು ಬಲಕ್ಕೆ ಎಂದು ನನಗೆ ಕಾಣುತ್ತಿತ್ತು. ಹತ್ತು ಹೆಜ್ಜೆ ಹಿಂದೆ ಒಂದು ಬರ್ಚ್ ಮರಕ್ಕೆ ಒರಗಿ ಸುಮ್ಮನೆ ನಿಂತೆ. ಅವನು ನಕ್ಷೆ ತಿರುಗಿಸಿದ, ದಿಕ್ಸೂಚಿಯ ಮುಳ್ಳು ನೋಡಿದ, ಮತ್ತೆ ನಕ್ಷೆ ತಿರುಗಿಸಿದ.

‘ಅಮ್ಮಾ, ಯಾವ ಕಡೆ?’

‘ನಿನ್ನ ಬಲಗಡೆ ಏನು ಕಾಣ್ತಾ ಇದೆ, ಮಗಾ?’

‘ಒಂದು ಬಂಡೆ. ದೊಡ್ಡದು.’

‘ನಕ್ಷೆಯಲ್ಲಿ?’

ಬೆರಳು ಕಪ್ಪು ಚುಕ್ಕೆಯೊಂದರ ಮೇಲೆ ನಿಂತಿತು. ಮುಂದೆ ಮಾತಿಲ್ಲ, ಹಾವಸೆಯ ಜಾಡು ಹಿಡಿದು ಓಡಿಯೇಬಿಟ್ಟ. ಮಕ್ಕಳಿಗೆ ಎಲ್ಲವನ್ನೂ ಮೊದಲೇ ಹೇಳಿಕೊಡುವ ನಮ್ಮ ರೂಢಿಯಲ್ಲಿ ಬೆಳೆದ ನನಗೆ ಆ ಹತ್ತು ಹೆಜ್ಜೆಯ ಅಂತರ ಕಾಯ್ದುಕೊಳ್ಳುವುದೇ ದೊಡ್ಡ ಅಭ್ಯಾಸವಾಯಿತು. ತಂದೆ ತಾಯಿಯರಿಗೆ ಯಾರಾದರೂ ಈ ಆಟದ ಪ್ರಯೋಜನವೇನೆಂದು ಕೇಳಿದರೆ ನಾನು ಈ ನಿಯಮವನ್ನೇ ಮೊದಲು ಹೇಳುತ್ತೇನೆ.

ಉಣುಗಿನ ಮಾತನ್ನೂ ಇಲ್ಲೇ ಹೇಳಿಬಿಡಬೇಕು. ಮಳೆಗಾಲದ ನಮ್ಮ ಕಾಡಿನಲ್ಲಿ ಉಂಬಳ, ಇಲ್ಲಿ ಉಂಬಳವಿಲ್ಲ. ಆದರೆ ವಸಂತದಿಂದ ಶರತ್ಕಾಲದವರೆಗೆ ಹುಲ್ಲಿನ ತುದಿಯಲ್ಲಿ ಉಣುಗು ಕಾದಿರುತ್ತದೆ. ಅದು ಹರಡುವ ಬೊರೇಲಿಯಾ ಸೋಂಕಿಗೆ ಔಷಧವಿದೆ. ಮಿದುಳಿಗೆ ಏರುವ ಟಿಬಿಇ ಎಂಬ ವೈರಸ್‌ಗೆ ಲಸಿಕೆ ಹಾಕಿಸಿಕೊಳ್ಳಬೇಕು. ಸ್ಟಾಕ್‌ಹೋಮ್ ಸುತ್ತಮುತ್ತ ಅದರ ಕಾಟ ಹೆಚ್ಚು. ನಮ್ಮ ಮಂಗನ ಕಾಯಿಲೆಯ ವೈರಸ್ ಕೂಡ ಇದೇ ಕುಟುಂಬದ್ದು, ಹತ್ತಿರದ ಸಂಬಂಧಿ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಕಾಣಿಸಿಕೊಂಡ ಕಾಯಿಲೆ, 2019ರ ಹೊತ್ತಿಗೆ ನಮ್ಮ ಸಾಗರದ ಅರಳಗೋಡಿನಲ್ಲಿ ಸಾವುಗಳನ್ನೇ ತಂದಿತು. ಕಾಡಿಗೆ ಹೋಗುವ ಮುನ್ನ ಉಣುಗು ಹತ್ತದಿರಲೆಂದು ಕೈಕಾಲಿಗೆ ಡೇಪಾ ಎಣ್ಣೆ ಸವರಿಕೊಳ್ಳುವುದನ್ನು ಕಂಡವಳು ನಾನು. ಆದ್ದರಿಂದ ಲಸಿಕೆಯ ವಿಷಯ ಬಂದಾಗ ಎರಡು ಮಾತಾಡಲಿಲ್ಲ, ಮನೆಮಂದಿಯೆಲ್ಲ ಹಾಕಿಸಿಕೊಂಡೆವು. ಓಡಿ ಬಂದ ಸಂಜೆ ಮಕ್ಕಳ ಮೊಣಕಾಲ ಸಂದು, ಕಿವಿಯ ಹಿಂಭಾಗ ನೋಡುವುದು ಇಲ್ಲಿನ ಪ್ರತಿ ಮನೆಯ ರೂಢಿ.

ಬುಧವಾರ ಕ್ಲಬ್ಬಿನ ದಿನ. ಕೆಂಪು ಬಣ್ಣ ಬಳಿದ ಹಳೆಯ ಮರದ ಮನೆ, ಒಳಗೆ ಬಟ್ಟೆ ಬದಲಿಸುವ ಕೋಣೆ, ಸೌನಾ, ಉದ್ದನೆಯ ಊಟದ ಮೇಜು, ಗೋಡೆಯ ತುಂಬ ದಶಕಗಳ ನಕ್ಷೆಗಳು. ಯಾರಿಗೂ ಸಂಬಳವಿಲ್ಲ. ಚಳಿಗಾಲದಲ್ಲಿ ಓಟ ಮುಗಿಸಿ ಬಂದವರಿಗೆ ಬಿಸಿ ಸೂಪು, ಬ್ರೆಡ್ಡು ಸಿಗಬೇಕು. ಅದನ್ನು ಸರದಿಯ ಮೇಲೆ ಒಂದೊಂದು ಮನೆಯವರು ಮಾಡುತ್ತಾರೆ. ನಮ್ಮ ಸರದಿ ಬಂದಾಗ ತೊಗರಿಬೇಳೆ ಬೇಯಿಸಿ, ಟೊಮೆಟೊ ಹಾಕಿ, ಇಂಗು ಸಾಸಿವೆ ಒಗ್ಗರಣೆ ಕೊಟ್ಟು ದೊಡ್ಡ ಪಾತ್ರೆ ತುಂಬ ಸಾರು ಮಾಡಿದೆ. ಖಾರ ಕಮ್ಮಿ. ಬಟ್ಟಲಲ್ಲಿ ಕುಡಿದರು, ಬ್ರೆಡ್ಡು ಅದ್ದಿಕೊಂಡು ತಿಂದರು. ಮುಂದಿನ ಸರದಿಯ ಪಟ್ಟಿ ಅಂಟಿಸಿದಾಗ ನಮ್ಮ ಹೆಸರಿನ ಮುಂದೆ ಯಾರೋ ‘ಅದೇ ಸೂಪು’ ಎಂದು ಬರೆದಿದ್ದರು.

ಡಿಸೆಂಬರಿನಲ್ಲಿ ಇಲ್ಲಿ ಮಧ್ಯಾಹ್ನ ಮೂರರೊಳಗೆ ಸೂರ್ಯ ಮುಳುಗುತ್ತಾನೆ. ಓಟ ನಿಲ್ಲುವುದಿಲ್ಲ. ಹಣೆಗೆ ದೀಪ ಕಟ್ಟಿಕೊಂಡು ಹಿಮ ಬಿದ್ದ ಕಾಡಿಗೆ ಹೊರಡುತ್ತಾರೆ. ಕಂಟ್ರೋಲ್‌ಗಳಿಗೆ ಬೆಳಕು ಬಿದ್ದರೆ ಹೊಳೆಯುವ ಪಟ್ಟಿ ಕಟ್ಟಿರುತ್ತಾರೆ. ರಾತ್ರಿಯಲ್ಲಿ ದೂರದ ಗುಡ್ಡ, ಕೆರೆ ಯಾವುದೂ ಕಾಣದು. ಬೆಳಕು ಬಿದ್ದಷ್ಟು ನೆಲ, ಕೈಯಲ್ಲಿರುವ ದಿಕ್ಸೂಚಿ, ಎಣಿಸಿದ ಹೆಜ್ಜೆ, ಇಷ್ಟನ್ನೇ ನಂಬಬೇಕು. ಈ ಅಭ್ಯಾಸ ಸುಮ್ಮನೆ ಅಲ್ಲ: ವಸಂತದಲ್ಲಿ ನಡೆಯುವ ತಿಯೋಮೀಲಾ ಎಂಬ ಹತ್ತು ಜನರ ರಿಲೇ ಇಡೀ ರಾತ್ರಿ ಕಾಡಿನಲ್ಲಿ ಸಾಗುತ್ತದೆ, ಕ್ಲಬ್ಬಿನ ಯುವಕರ ಕಣ್ಣೆಲ್ಲ ಅದರ ಮೇಲೆ. ನಾನು ರಾತ್ರಿ ಓಟದಲ್ಲಿ ಸಣ್ಣ ಸುತ್ತು ಹಾಕಿ ಬರುತ್ತೇನೆ. ಮರಗಳ ನಡುವೆ ಅಲ್ಲೊಂದು ಇಲ್ಲೊಂದು ದೀಪ ಸರಿಯುವುದನ್ನು ಕಂಡಾಗ, ಅದು ಯಾರದ್ದೆಂದು ಗೊತ್ತಿಲ್ಲದಿದ್ದರೂ, ಧೈರ್ಯ ಬರುತ್ತದೆ.

ಇನ್ನು ಹಿರಿಯರು. ಈ ಆಟದಲ್ಲಿ ಹತ್ತು ವರ್ಷದ ಮಕ್ಕಳಿಂದ ಹಿಡಿದು ತೊಂಬತ್ತು ದಾಟಿದವರವರೆಗೆ ವಯಸ್ಸಿಗೊಂದು ವರ್ಗವಿದೆ. ಸೊಂಟ, ಮೊಣಕಾಲು ಸಹಕರಿಸದಿದ್ದರೂ ನಕ್ಷೆಯ ಓದು ಮಾಗುತ್ತ ಹೋಗುತ್ತದೆ. ವಾರದ ನಡುವೆ ಹಗಲು ಹೊತ್ತಿನಲ್ಲಿ ನಿವೃತ್ತರಿಗೆಂದೇ ಓಟಗಳಿರುತ್ತವೆ. ಓಡಿದ ಮೇಲೆ ಬಂಡೆಯ ಮೇಲೆ ಕೂತು, ಥರ್ಮಾಸ್ ತೆರೆದು, ಏಲಕ್ಕಿ ಹಾಕಿದ ಬನ್ನು ತಿನ್ನುತ್ತ, ನಾಲ್ಕನೆಯ ಕಂಟ್ರೋಲಿಗೆ ಜೌಗಿನ ಎಡಕ್ಕೆ ಹೋದದ್ದು ಸರಿಯೋ ಬಲಕ್ಕೆ ಹೋಗಬೇಕಿತ್ತೋ ಎಂದು ವಾದ ಮಾಡುತ್ತಾರೆ. ನನಗೆ ಸ್ವೀಡಿಷ್ ಭಾಷೆ ಹತ್ತಿದ್ದು ತರಗತಿಗಿಂತ ಹೆಚ್ಚಾಗಿ ಈ ವಾದಗಳಲ್ಲಿ. ನಕ್ಷೆಯ ಮೇಲೆ ಬೆರಳಿಟ್ಟು ಮಾತಾಡುವಾಗ ವ್ಯಾಕರಣ ತಪ್ಪಿದರೂ ಅರ್ಥ ತಪ್ಪುವುದಿಲ್ಲ.

ಒಂದು ಬೇಸಿಗೆಯಲ್ಲಿ ಊರಿನಿಂದ ಅಪ್ಪಯ್ಯ ಬಂದಿದ್ದರು. ಅವರನ್ನೂ ಸುಲಭದ ಹಾದಿಯೊಂದಕ್ಕೆ ಕರೆದುಕೊಂಡು ಹೋದೆವು. ನಕ್ಷೆ ಕೈಗೆ ಸಿಕ್ಕಿದ್ದೇ ಕನ್ನಡಕ ಏರಿಸಿ ಮೇಲಿಂದ ಕೆಳಗೆ ನೋಡಿದರು. ‘ಎಂತ ಮಾರಾಯ್ತಿ, ಇದ್ರಲ್ಲಿ ಸರ್ವೆ ನಂಬರೂ ಇಲ್ಲ, ಯಾರ ಹೆಸ್ರೂ ಇಲ್ಲ!’ ಪಹಣಿ, ಟಿಪ್ಪಣಿ, ಹದ್ದುಬಸ್ತು, ಗಡಿಕಲ್ಲು ಎಂದು ತಾಲ್ಲೂಕು ಕಚೇರಿಗೆ ಅಲೆದು ಅರ್ಧ ಆಯುಷ್ಯ ಕಳೆದವರಿಗೆ, ಒಂದೊಂದು ಬಂಡೆಯನ್ನೂ ಬಿಡದೆ ತೋರಿಸಿ ಮಾಲೀಕನನ್ನು ಮಾತ್ರ ತೋರಿಸದ ನಕ್ಷೆ ವಿಚಿತ್ರವಾಗಿ ಕಂಡಿದ್ದು ಸಹಜ. ಅಲ್ಲೆಮಾನ್ಸ್‌ರೆತ್ ಎಂಬ ಹಕ್ಕಿನ ಬಗ್ಗೆ ಹೇಳಿದೆ. ನೆಲ ಯಾರದ್ದೇ ಇರಲಿ, ಕಾಡಿನಲ್ಲಿ ನಡೆಯಬಹುದು, ಒಂದು ರಾತ್ರಿ ಡೇರೆ ಹಾಕಬಹುದು, ಹಣ್ಣು ಅಣಬೆ ಕೊಯ್ದುಕೊಳ್ಳಬಹುದು. ಮನೆಯಂಗಳಕ್ಕೆ, ಬೆಳೆ ನಿಂತ ಹೊಲಕ್ಕೆ ಕಾಲಿಡಬಾರದು, ಯಾವುದನ್ನೂ ಹಾಳುಮಾಡಬಾರದು. 1994ರಿಂದ ಸಂವಿಧಾನದಲ್ಲೇ ಅದಕ್ಕೆ ಜಾಗ ಸಿಕ್ಕಿದೆ.

‘ಹಾಗಾರೆ ಸೊಪ್ಪು ಕಡೀಬಹುದಾ?’

ಹಸಿ ಕೊಂಬೆ ಮುರಿಯುವಂತಿಲ್ಲ ಎಂದೆ. ಅಡಿಕೆ ತೋಟಕ್ಕೆ ಸೊಪ್ಪಿನ ಬೆಟ್ಟವನ್ನು ನೆಚ್ಚಿ ಬದುಕಿದವರು ಅವರು. ಹಣ್ಣಿಗೆ ಹಕ್ಕಿದ್ದು ಸೊಪ್ಪಿಗೆ ಇಲ್ಲದ ಕಾಡಿನ ಬಗ್ಗೆ ದಾರಿಯುದ್ದಕ್ಕೂ ಯೋಚಿಸುತ್ತ, ನೀಲಿ ಬೆರ್ರಿ ಹಣ್ಣು ಕೊಯ್ದು ಬಾಯಿಗೆ ಹಾಕಿಕೊಳ್ಳುತ್ತ ನಡೆದರು. ಆದರೆ ನನ್ನ ಮನಸ್ಸಿನಲ್ಲಿ ಉಳಿದದ್ದು ಬೇರೆ. ಕಂದು ಗೆರೆಗಳೆಲ್ಲ ಗುಡ್ಡದ ಕಡೆಗೆ ಬಾಗಿ ಮೊನೆಯಾದ ಕಡೆ ಬೆರಳಿಟ್ಟು, ‘ಇಲ್ಲಿ ನೀರು ಇಳೀತದೆ’ ಎಂದರು. ನಕ್ಷೆಯಲ್ಲಿ ಅಲ್ಲಿ ನೀಲಿ ಬಣ್ಣವೇ ಇರಲಿಲ್ಲ. ಹೋಗಿ ನೋಡಿದರೆ ಒಣಗಿದ ಕೊರಕಲು, ತಳದಲ್ಲಿ ಜರಡಿ ಹಿಡಿದಂಥ ಸಣ್ಣ ಮರಳು. ತೋಟಕ್ಕೆ ಅಬ್ಬಿ ನೀರು ತಿರುಗಿಸುವವರ ಕಣ್ಣು ಗೆರೆಯನ್ನು ನೀರಾಗಿ ಓದಿತ್ತು. ಈಗ ನಾನು ಹೊಸ ಮಕ್ಕಳಿಗೆ ಕಾಂಟೂರ್ ಹೇಳಿಕೊಡುವುದು ಹಾಗೆಯೇ: ಮಳೆ ಬಂದರೆ ನೀರು ಎತ್ತ ಓಡುತ್ತದೆ, ಬೆರಳಿನಿಂದ ತೋರಿಸು.

ನಡೆಯುವ ಹಕ್ಕು ಎಲ್ಲರಿಗೂ ಇದೆಯೆಂದು ಸ್ಪರ್ಧೆಯನ್ನು ಯಾರೂ ಹೇಗೆಂದರೆ ಹಾಗೆ ನಡೆಸುವಂತಿಲ್ಲ. ಇದು ನನಗೆ ತಿಳಿದದ್ದು ಕ್ಲಬ್ಬಿನ ವಾರ್ಷಿಕ ಸ್ಪರ್ಧೆಯ ತಂಡಕ್ಕೆ ಸೇರಿದ ಮೇಲೆ. ಸ್ಪರ್ಧೆ ಸೆಪ್ಟೆಂಬರ್ ಕೊನೆಗೆ. ಕೆಲಸ ಹಿಂದಿನ ಚಳಿಗಾಲದಲ್ಲೇ ಶುರು. ಮೊದಲು ನೆಲದ ಮಾಲೀಕರಿಗೆ ಪತ್ರ. ಆಮೇಲೆ ಬೇಟೆಯ ಹಕ್ಕಿರುವ ತಂಡದವರೊಂದಿಗೆ ಮಾತು, ಏಕೆಂದರೆ ಅಕ್ಟೋಬರಿನಲ್ಲಿ ಇಲ್ಲಿ ಮೂಸ್ ಎಂಬ ಭಾರಿ ಜಿಂಕೆಯ ಬೇಟೆ ಶುರುವಾಗುತ್ತದೆ, ಅದಕ್ಕೆ ಮುನ್ನ ಕಾಡು ಕಲಕಿದರೆ ಅವರಿಗೆ ತೊಂದರೆ. ಸಂರಕ್ಷಿತ ಪ್ರದೇಶವಾದರೆ ಸರ್ಕಾರದ ಅನುಮತಿ ಬೇರೆ. ನೂರಾರು ಜನ ಓಡುವಾಗ ಹೆದರಿದ ಪ್ರಾಣಿಗಳಿಗೆ ಸರಿದುಕೊಳ್ಳಲು ಜಾಗ ಬೇಕೆಂದು ನಕ್ಷೆಯಲ್ಲಿ ಕೆಲವು ಭಾಗಗಳನ್ನು ಯಾರೂ ಹೋಗದಂತೆ ಬಿಟ್ಟಿರುತ್ತಾರೆ. ಹಾದಿ ಹಾಕುವವರು ಮೊದಲು ಗೆರೆ ಎಳೆಯುವುದು ಈ ಭಾಗಗಳ ಸುತ್ತ. ಹಕ್ಕು ಉಳಿದಿರುವುದು ಇಂಥ ಎಚ್ಚರದಿಂದ ಎಂದು ನನಗನ್ನಿಸುತ್ತದೆ.

ನಂತರ ನಕ್ಷೆ. ವಿಮಾನದಿಂದ ಲೇಸರ್ ಬಿಟ್ಟು ಅಳೆದ ಎತ್ತರದ ಮಾಹಿತಿ ಸರ್ಕಾರದ ಭೂಮಾಪನ ಇಲಾಖೆಯಿಂದ ಸಿಗುತ್ತದೆ. ಮಿಕ್ಕದ್ದು ಕಾಲಿನ ಕೆಲಸ. ನಮ್ಮ ನಕ್ಷೆ ಮಾಡುವವರು ಟ್ಯಾಬ್ಲೆಟ್ ಹಿಡಿದು ಇಡೀ ವಸಂತ ಕಾಡಿನಲ್ಲಿ ಅಡ್ಡಾಡಿದರು: ಯಾವ ಬಂಡೆ ಒಂದು ಮೀಟರಿಗಿಂತ ಎತ್ತರ, ಯಾವ ಮರಗಳ ಗುಂಪು ಈಗ ತೆಳುವಾಗಿದೆ, ಎಲ್ಲಿ ಹೊಸದಾಗಿ ಕಡಿದಿದ್ದಾರೆ. ಹಾದಿ ಹಾಕುವವರು ಬೇಸಿಗೆಯಲ್ಲಿ ಕಂಟ್ರೋಲ್ ಬರಬೇಕಾದ ಕಡೆಯೆಲ್ಲ ಸಣ್ಣ ಪ್ಲಾಸ್ಟಿಕ್ ಪಟ್ಟಿ ಕಟ್ಟಿ, ಸಂಖ್ಯೆ ಬರೆದರು. ಕಂಟ್ರೋಲ್ ಸಂಖ್ಯೆ 31ರಿಂದ ಶುರುವಾಗುತ್ತದೆ, ಹಾದಿಯ ಒಂದು, ಎರಡು, ಮೂರರೊಂದಿಗೆ ಕಲಸಿಹೋಗಬಾರದಲ್ಲ. ಆಮೇಲೆ ಹಾದಿ ಹಾಕದ ಇನ್ನೊಬ್ಬರು ಹೋಗಿ, ನಕ್ಷೆ ಮಾತ್ರ ನೋಡಿಕೊಂಡು, ಆ ಪಟ್ಟಿಗಳು ಸರಿಯಾದ ಜಾಗದಲ್ಲಿವೆಯೇ ಎಂದು ತಮ್ಮಷ್ಟಕ್ಕೆ ತಾವು ಪರೀಕ್ಷಿಸಬೇಕು. ಆ ಪರೀಕ್ಷೆಗೆ ನಾನು ಹಿರಿಯರೊಬ್ಬರ ಜೊತೆ ಹೋದೆ.

47ನೆಯ ಪಟ್ಟಿಯ ಹತ್ತಿರ ಅವರು ನಿಂತರು. ವಿವರಣೆಯ ಪ್ರಕಾರ ಬಂಡೆಯ ಪೂರ್ವ ಬದಿ. ಪಟ್ಟಿ ಬಂಡೆಯ ಪೂರ್ವಕ್ಕೇ ಇತ್ತು. ಆದರೆ ಮೂವತ್ತು ಹೆಜ್ಜೆ ಆಚೆ ಅದೇ ಗಾತ್ರದ ಇನ್ನೊಂದು ಬಂಡೆ, ನಕ್ಷೆಯಲ್ಲಿ ಇಲ್ಲದ್ದು, ಹಾವಸೆ ಹೊದ್ದು ಕೂತಿತ್ತು. ‘ನೀವು ಉತ್ತರದಿಂದ ಬನ್ನಿ, ನಾನು ದಕ್ಷಿಣದಿಂದ ಬರುತ್ತೇನೆ, ಯಾರಿಗೆ ಯಾವ ಬಂಡೆ ಮೊದಲು ಕಾಣುತ್ತದೋ ನೋಡೋಣ’ ಎಂದರು. ಇಬ್ಬರೂ ದೂರ ಹೋಗಿ ತಿರುಗಿ ಬಂದೆವು. ನನಗೆ ಸಿಕ್ಕಿದ್ದು ನಕ್ಷೆಯಲ್ಲಿಲ್ಲದ ಬಂಡೆ. ಅಷ್ಟು ಸಾಕಾಯಿತು. ಸಂಜೆ ಫೋನು ಹೋಗಿ, ನಕ್ಷೆಗೆ ಆ ಬಂಡೆಯೂ ಸೇರಿತು. ಒಬ್ಬ ಓಟಗಾರನ ಅರ್ಧ ನಿಮಿಷ ವ್ಯರ್ಥವಾಗದಿರಲೆಂದು ಇಬ್ಬರು ಒಂದು ಬಂಡೆಯ ಸುತ್ತ ಅಷ್ಟು ಹೊತ್ತು ಕಳೆದದ್ದು ನನಗೆ ತುಂಬ ಗೌರವದ ಕೆಲಸವಾಗಿ ಕಂಡಿತು.

ಸ್ಪರ್ಧೆಯ ಮುಂಚಿನ ದಿನ ಕಬ್ಬಿಣದ ಕಡ್ಡಿ, ಬಟ್ಟೆ, ಸಮಯ ದಾಖಲಿಸುವ ಪುಟ್ಟ ಪೆಟ್ಟಿಗೆಗಳನ್ನು ಬೆನ್ನಿಗೆ ಹೊತ್ತು ಎಲ್ಲರೂ ಕಾಡಿಗೆ ಹಂಚಿಹೋದೆವು. ಮರುದಿನ ಬೆಳಕು ಹರಿಯುವಷ್ಟರಲ್ಲಿ ಹಳದಿ ಅಂಗಿ ತೊಟ್ಟವರು ಹುಲ್ಲುಗಾವಲಿನಲ್ಲಿ ಕಾರು ನಿಲ್ಲಿಸುತ್ತಿದ್ದರು, ಇನ್ನು ಕೆಲವರು ಸಾಸೇಜು, ಕಾಫಿ, ಬನ್ನಿನ ಮೇಜು ಹಾಕುತ್ತಿದ್ದರು, ಪುಟ್ಟ ಮಕ್ಕಳಿಗೆ ದಾರ ಕಟ್ಟಿ ಗೊಂಬೆ ಚಿತ್ರಗಳ ಹಾದಿ ತಯಾರಾಗಿತ್ತು. ನನ್ನ ಜಾಗ ಮುಕ್ತಾಯದ ಡೇರೆ. ಓಟಗಾರರು ಬೆರಳಿಗೆ ಕಟ್ಟಿದ ಪ್ಲಾಸ್ಟಿಕ್ ಕಡ್ಡಿಯನ್ನು ಪ್ರತಿ ಕಂಟ್ರೋಲಿನ ಪೆಟ್ಟಿಗೆಗೆ ತಾಗಿಸಿ ಬಂದಿರುತ್ತಾರೆ. ಅದನ್ನು ನನ್ನ ಮುಂದಿನ ಯಂತ್ರಕ್ಕೆ ತಾಗಿಸಿದರೆ ಅವರ ಇಡೀ ಓಟ ಕಂಪ್ಯೂಟರಿಗೆ ಇಳಿಯುತ್ತದೆ, ಯಾವ ಕಂಟ್ರೋಲಿನಿಂದ ಯಾವುದಕ್ಕೆ ಎಷ್ಟು ಹೊತ್ತು ಎಂಬ ಚೀಟಿ ಹೊರಬರುತ್ತದೆ. ಆ ಚೀಟಿ ಹಿಡಿದು ಪಕ್ಕದವರೊಂದಿಗೆ ಹೋಲಿಸುವ ಸಡಗರವನ್ನು ನೋಡಬೇಕು.

ಅದೇ ಕಂಪ್ಯೂಟರಿನಲ್ಲಿ ಇನ್ನೊಂದು ಪಟ್ಟಿಯಿದೆ: ಹೊರಟವರಲ್ಲಿ ಇನ್ನೂ ಬಾರದವರು. ಓಟ ಅರ್ಧಕ್ಕೆ ಬಿಟ್ಟರೂ ಸರಿ, ಮುಕ್ತಾಯದ ಡೇರೆಗೆ ಬಂದು ಕಡ್ಡಿ ತಾಗಿಸದೆ ಯಾರೂ ಮನೆಗೆ ಹೋಗುವಂತಿಲ್ಲ ಎಂಬ ನಿಯಮ ಇರುವುದು ಈ ಪಟ್ಟಿಗಾಗಿ. ಮಧ್ಯಾಹ್ನದ ಹೊತ್ತಿಗೆ ಉದ್ದವಾಗಿದ್ದ ಪಟ್ಟಿ ಕರಗುತ್ತ ಬಂತು. ಮೋಡ ಕವಿದು ಹನಿ ಶುರುವಾಯಿತು. ಸ್ಪರ್ಧೆಯ ಮುಖ್ಯಸ್ಥೆ ಆಗಾಗ ಬಂದು ಒಂದೇ ಮಾತು ಕೇಳುತ್ತಿದ್ದರು: ‘ಕಾಡಿನಲ್ಲಿ ಇನ್ನೂ ಯಾರಿದ್ದಾರೆ?’

ಕೊನೆಗೆ ಒಂದು ಹೆಸರು ಉಳಿಯಿತು. ಬೇರೆ ಕ್ಲಬ್ಬಿನವರು, ಎಂಬತ್ತೈದರ ವರ್ಗ. ನಿಗದಿಯಾದ ಗರಿಷ್ಠ ಸಮಯ ಮೀರಿತ್ತು. ಆಗ ಶುರುವಾದ ಕೆಲಸದಲ್ಲಿ ಗದ್ದಲವಿರಲಿಲ್ಲ, ಪ್ರತಿಯೊಬ್ಬರಿಗೂ ಮೊದಲೇ ಗೊತ್ತಿದ್ದ ಹಾಗಿತ್ತು. ಒಬ್ಬರು ಹುಲ್ಲುಗಾವಲಿಗೆ ಹೋಗಿ ಅವರ ಕಾರು ಇದೆಯೇ ನೋಡಿ ಬಂದರು, ಇತ್ತು. ಇನ್ನೊಬ್ಬರು ಫೋನು ಮಾಡಿದರು, ಎತ್ತಲಿಲ್ಲ. ಅದೇ ಹಾದಿ ಓಡಿದವರನ್ನು ಹುಡುಕಿ ಕೇಳಿದಾಗ, ಆರನೆಯ ಕಂಟ್ರೋಲಿನ ಬಳಿ ಕಂಡೆ, ಆರಾಮವಾಗಿದ್ದರು ಎಂದು ಒಬ್ಬರೆಂದರು. ಬಿಸಿ ಕಾಫಿ, ಕಂಬಳಿ, ರೇಡಿಯೊ ಹಿಡಿದು ಇಬ್ಬರು ಕೊನೆಯ ಕಂಟ್ರೋಲಿನಿಂದ ಹಿಂದುಮುಂದಾಗಿ ಹೊರಟರು, ಇನ್ನಿಬ್ಬರು ಆರನೆಯದರಿಂದ ಮುಂದಕ್ಕೆ. ಕಾಫಿ ಮಾರುತ್ತಿದ್ದವರು ಮೇಜು ಎತ್ತಲಿಲ್ಲ. ಮನೆಗೆ ಹೊರಟಿದ್ದ ಕೆಲವು ಓಟಗಾರರು ಒದ್ದೆ ಶೂಗಳನ್ನೇ ಮತ್ತೆ ಕಟ್ಟಿಕೊಂಡು ‘ಬೇಕಾದರೆ ಹೇಳಿ’ ಎಂದು ಬಂದು ನಿಂತರು. ನನ್ನ ಕಣ್ಣು ಪರದೆಯ ಆ ಒಂದು ಸಾಲಿನ ಮೇಲೆ.

ರೇಡಿಯೊ ಗೊರಗೊರ ಎಂದಿತು. ಸಿಕ್ಕರು, ನಡೆದು ಬರುತ್ತಿದ್ದಾರೆ. ಎಂಟರ ಬಳಿಯ ಜೌಗು ಮಳೆಗೆ ಮೆತ್ತಗಾಗಿದ್ದು ಕಂಡು, ಮೊಣಕಾಲು ಹೂತರೆ ಕಷ್ಟವೆಂದು ದೂರದಿಂದ ಸುತ್ತು ಹಾಕಿದ್ದರು. ಫೋನು ಕಾರಿನಲ್ಲಿತ್ತು. ಡೇರೆಗೆ ಬಂದವರೇ ಕಡ್ಡಿ ತಾಗಿಸಿದರು. ಎಲ್ಲ ಕಂಟ್ರೋಲ್‌ಗಳೂ ಸರಿಯಾಗಿ ಮುಟ್ಟಿದ್ದವು. ಚೀಟಿ ತೆಗೆದುಕೊಂಡು, ಪರದೆಯ ಮೇಲಿನ ಪಟ್ಟಿ ಖಾಲಿಯಾದದ್ದನ್ನು ನನ್ನ ಭುಜದ ಮೇಲಿಂದ ಬಗ್ಗಿ ನೋಡಿದರು. ‘ಮುಂದಿನ ಭಾನುವಾರ ನಮ್ಮಲ್ಲಿ ಸ್ಪರ್ಧೆ. ಈ ಕುರ್ಚಿಯಲ್ಲಿ ನಾನು ಕೂರುವುದು. ನೀವು ಬನ್ನಿ, ನಾನು ಎಣಿಸುತ್ತೇನೆ’ ಎಂದರು. ಹೋದೆವು. ನನ್ನ ಹೆಸರನ್ನು ಅವರೇ ಪಟ್ಟಿಯಿಂದ ತೆಗೆದರು.

ಸ್ಪರ್ಧೆ ಮುಗಿದ ದಿನದ ಇನ್ನೊಂದು ಕೆಲಸ ಕಂಟ್ರೋಲ್‌ಗಳನ್ನು ಕಿತ್ತು ತರುವುದು. ಕತ್ತಲಾಗುವ ಮೊದಲು ಕಾಡನ್ನು ಇದ್ದ ಹಾಗೆ ಬಿಟ್ಟು ಬರಬೇಕು, ಒಂದು ಪ್ಲಾಸ್ಟಿಕ್ ಪಟ್ಟಿಯೂ ಉಳಿಯಬಾರದು. ಮಕ್ಕಳ ಗುಂಪಿಗೆ ಹತ್ತಿರದವನ್ನು ಒಪ್ಪಿಸಿದ್ದರು. ಮಗ ಮತ್ತು ಅವನ ಇಬ್ಬರು ಗೆಳೆಯರು ತಮ್ಮಷ್ಟಕ್ಕೆ ಹೋಗಿ ಒಂದು ಕಂತೆ ಹೊತ್ತು ತಂದರು. ಆ ಹೊತ್ತಿಗೆ ಅವನ ಹಿಂದೆ ನಡೆಯುವ ಕಾಲ ಮುಗಿದಿತ್ತು. ಕ್ಲಬ್ಬಿನ ಮನೆಯಲ್ಲಿ ಒದ್ದೆ ಬಟ್ಟೆಗಳನ್ನು 31, 32, 33 ಎಂದು ಕೂಗಿ ಲೆಕ್ಕ ಹಾಕಿ ತಂತಿಗೆ ಹರವಿದೆವು. ಪ್ರವೇಶ ಶುಲ್ಕದಿಂದ ಬಂದ ಹಣದಲ್ಲಿ ಮಕ್ಕಳ ಶಿಬಿರ, ಹೊಸ ದಿಕ್ಸೂಚಿಗಳು, ಮುಂದಿನ ನಕ್ಷೆ.

ಅಕ್ಟೋಬರಿನಲ್ಲಿ ಸ್ಟಾಕ್‌ಹೋಮ್ ಸುತ್ತಿನ ಯಾವುದಾದರೊಂದು ಕಾಡಿನಲ್ಲಿ ಇಪ್ಪತ್ತೈದು ಜನರ ರಿಲೇ ನಡೆಯುತ್ತದೆ. ತಂಡದಲ್ಲಿ ವೇಗದವರು ಮಾತ್ರ ಇದ್ದರೆ ಆಗುವುದಿಲ್ಲ. ಹೆಂಗಸರು, ಹದಿಹರೆಯದವರು, ಹಿರಿಯರು ಎಲ್ಲರಿಗೂ ಮೀಸಲಾದ ಸುತ್ತುಗಳಿವೆ. ಅಜ್ಜ ಮೊಮ್ಮಗಳು ಒಂದೇ ತಂಡದಲ್ಲಿ ಓಡುವುದು ಮಾಮೂಲು. ಇಷ್ಟು ಜನರನ್ನು ಹೊಂದಿಸಲು ಪ್ರತಿ ಕ್ಲಬ್ಬೂ ಪರದಾಡುತ್ತದೆ, ಆದ್ದರಿಂದಲೇ ಹೊಸಬರಿಗೂ ಕರೆ ಬರುತ್ತದೆ. ನನಗೂ ಬಂತು. ಕ್ಲಬ್ಬಿನ ಅಂಗಿ ತೊಟ್ಟು ನನ್ನ ಸುತ್ತು ಮುಗಿಸಿ ಬಂದಾಗ, ಮುಂದಿನವರಿಗೆ ಕೈ ತಾಗಿಸುವ ಬೇಲಿಯುದ್ದಕ್ಕೂ ಬುಧವಾರದ ಮುಖಗಳೇ ಸಾಲಾಗಿ ನಿಂತು ಹೆಸರು ಹಿಡಿದು ಕೂಗುತ್ತಿದ್ದವು.

ನವೆಂಬರಿನ ಸಭೆಯಲ್ಲಿ ಮುಂದಿನ ವರ್ಷದ ಹೊಣೆಗಳನ್ನು ಹಂಚಿದರು. ಕಾಡು ಗೊತ್ತಾಗಿದೆ, ಸಾಬಿ ಕೆರೆಯ ಆಚೆಗಿನ ಗುಡ್ಡ. ನೆಲದ ಮಾಲೀಕರಿಗೂ ಬೇಟೆಯ ತಂಡದವರಿಗೂ ಪತ್ರ ಬರೆದು ಮಾತಾಡುವ ಕೆಲಸವನ್ನು ನಾನು ಕೇಳಿ ತೆಗೆದುಕೊಂಡೆ. ಅಪ್ಪಯ್ಯನಿಗೆ ಫೋನಿನಲ್ಲಿ ಹೇಳಿದಾಗ, ‘ಹಂಗಾರೆ ನಿನ್ನ ಹತ್ರ ಮಾಲೀಕರ ಪಟ್ಟಿ ಉಂಟು!’ ಎಂದರು. ಇದೆ. ನಾಲ್ಕು ಜಮೀನಿನವರು, ಒಂದು ಚರ್ಚು, ಉಳಿದದ್ದು ನಗರಸಭೆಯದು. ಮೊದಲನೆಯವರು ಬರುವ ವಾರ ಮನೆಗೇ ಕರೆದಿದ್ದಾರೆ, ತಮ್ಮ ಕಾಡಿನಲ್ಲಿ ಎಲ್ಲಿ ಮೂಸ್ ಮಲಗುತ್ತದೆ ಎಂದು ನಕ್ಷೆಯ ಮೇಲೆ ತೋರಿಸುತ್ತಾರಂತೆ.